ದಣಿವಿನ ಲೆಕ್ಕ

ಮಂಡ್ಯ ತಾಲ್ಲೂಕಿನ ಕೊತ್ತತ್ತಿಯ ಸುತ್ತಣ ಬಯಲು ಕಬ್ಬಿನ ಸೀಮೆ. ಈ ಸೀಮೆಯ ಆಲೆಮನೆಯಲ್ಲಿ ಕೊಪ್ಪರಿಗೆಗೆ ಕಬ್ಬಿನ ಹಾಲು ಬಿದ್ದಮೇಲೆ ಪಾಕ ಇಳಿಸುವ ತನಕ ಉರಿ ಆರುವಂತಿಲ್ಲ. ಒಲೆಗೆ ಒಣಸಿಪ್ಪೆ ತಳ್ಳುವವನು ಅಲ್ಲಿಂದ ಏಳುವಂತೆಯೂ ಇಲ್ಲ. ದುಡಿಯುವ ದೇಹ ದಣಿಯುವುದೇಕೆ, ಆ ದಣಿವು ಬೆಳೆದು ಕಸುಬಿನಲ್ಲಿಯೇ ಬೇಸರ ಹುಟ್ಟಿಸದಂತೆ ತಡೆಯುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ದೇಹವನ್ನು ಒಂದು ಯಂತ್ರವೆಂದು ಭಾವಿಸೋಣ. ಆರೋಗ್ಯವಂತನು ಗಂಟೆಗಟ್ಟಲೆ ದುಡಿಯುವಾಗ ನೀಡಬಲ್ಲ ಸಾಮರ್ಥ್ಯ ಸುಮಾರು 75 ವಾಟ್. ಎಂದರೆ ಅಶ್ವಶಕ್ತಿಯ ಹತ್ತನೆಯ ಒಂದು ಪಾಲು. ಸ್ನಾಯುಗಳ ದಕ್ಷತೆಯನ್ನು ಶೇಕಡಾ 20 ಎಂದು ಹಿಡಿದರೆ, ಇದಕ್ಕಾಗಿ ದೇಹವು 375 ವಾಟ್ ವ್ಯಯಿಸಬೇಕಾಗುತ್ತದೆ. ಉಳಿದ 300 ವಾಟ್ ಮೈಯೊಳಗೆ ಶಾಖವಾಗುತ್ತದೆ. ಇದು ಗಂಟೆಗೆ 1,080 ಕಿಲೋಜೌಲ್. ಒಂದು ಲೀಟರ್ ಬೆವರು ಆವಿಯಾಗುವಾಗ ಸುಮಾರು 2,400 ಕಿಲೋಜೌಲ್ ಶಾಖವನ್ನು ಒಯ್ಯುತ್ತದೆ. ಆದುದರಿಂದ ಈ ಶಾಖವೆಲ್ಲ ಬೆವರಿನಿಂದಲೇ ಹೋಗಬೇಕಾದರೆ ಗಂಟೆಗೆ ಅರ್ಧ ಲೀಟರಿನಷ್ಟು ಬೆವರು ಆರಬೇಕು. ಇದರ ಮೇಲೆ ಒಲೆಯ ಝಳ ಬೇರೆ. ಕೊಪ್ಪರಿಗೆಯ ಹಬೆಯಿಂದ ಗಾಳಿ ತೇವಗೊಂಡರೆ ಬೆವರು ಆರದೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ಮೈಯನ್ನು ತಂಪುಮಾಡಲಾರದು.

ವಿಶ್ರಾಂತಿಯ ಲೆಕ್ಕ ಇನ್ನೂ ಸ್ವಾರಸ್ಯವಾದುದು. 19ನೆಯ ಶತಮಾನದ ಕೊನೆಯಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಆಂಜೆಲೊ ಮೊಸ್ಸೊ ಎಂಬ ಶರೀರವಿಜ್ಞಾನಿಯು ಬೆರಳಿನಿಂದ ಭಾರವನ್ನು ಎಳೆಯಿಸಿ ದಣಿವನ್ನು ಅಳೆಯುವ ಉಪಕರಣವೊಂದನ್ನು ರಚಿಸಿದನು. ಅವನ ಪ್ರಯೋಗಶಾಲೆಯಲ್ಲಿ ಕಂಡುಬಂದುದಿಷ್ಟು: 30 ಸಲ ಎಳೆದು ಪೂರ್ಣ ದಣಿದ ಬೆರಳಿಗೆ ಎರಡು ಗಂಟೆಯ ವಿಶ್ರಾಂತಿ ಬೇಕಾಯಿತು, 15 ಸಲಕ್ಕೇ ನಿಲ್ಲಿಸಿದರೆ ಅರ್ಧ ಗಂಟೆ ಸಾಕಾಯಿತು. ಕೆಲಸ ಅರ್ಧವಾದರೆ ವಿಶ್ರಾಂತಿ ಕಾಲುಭಾಗಕ್ಕೆ ಇಳಿಯಿತು! ದಣಿದಮೇಲೆ ಮಾಡುವ ಕೆಲಸಕ್ಕೆ ದೇಹವು ಹೆಚ್ಚು ಬೆಲೆ ತೆರುತ್ತದೆ.

ಬೆರಳಿನ ಅಂಕಿಗಳನ್ನು ಮನಸ್ಸಿಗೆ ಹಾಗೆಯೇ ಹಚ್ಚುವುದು ಸರಿಯಲ್ಲ. ಆದರೂ ಪ್ರತಿದಿನದ ವ್ಯಯ ಪ್ರತಿದಿನವೂ ತುಂಬದೆ ಹೋದರೆ ಮನಸ್ಸೂ ಬಳಲುವುದು. ಈ ಸ್ಥಿತಿಯನ್ನು ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ 'ಬರ್ನ್‌ಔಟ್' ಎಂಬ ಹೆಸರಿನಿಂದ ವರ್ಣಿಸಿದನು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದಕ್ಕೆ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಕಾರ್ಯಸಾಮರ್ಥ್ಯ ಕುಗ್ಗುವುದು. ಸಂಸ್ಥೆಯು ಇದನ್ನು ರೋಗವೆನ್ನಲಿಲ್ಲ. ಕೆಲಸದ ಸ್ಥಳದಲ್ಲಿ ಬಹುಕಾಲ ಪರಿಹಾರ ಕಾಣದ ಒತ್ತಡದ ಫಲವೆಂದಿತು. ಹೀಗಿರುವಾಗ ಬಳಲಿದವನನ್ನು ಸೋಮಾರಿಯೆಂದು ಜರೆಯುವುದು ನ್ಯಾಯವಲ್ಲ.

ಪರಿಹಾರವೂ ಕೆಲಸದ ಏರ್ಪಾಟಿನಲ್ಲಿಯೇ ಇರಬೇಕು. ಭಾರತದ 1948ರ ಕಾರ್ಖಾನೆ ಕಾಯಿದೆಯು ಐದು ಗಂಟೆಗಿಂತ ಹೆಚ್ಚು ಕಾಲ ಬಿಡುವಿಲ್ಲದೆ ದುಡಿಸಬಾರದೆಂದು ವಿಧಿಸಿತು. ಆದರೆ ಹತ್ತು ಮಂದಿಗಿಂತ ಕಡಮೆ ಆಳುಗಳಿದ್ದ ಸಣ್ಣ ಉದ್ಯಮಗಳು ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರಲಿಲ್ಲ. ಅಂಥ ಕಡೆ ಬಿಡುವಿನ ಗಂಟೆ ಬಾರಿಸುವವರಾರು? ಕೂಲಿಯು ಕೆಲಸದ ಪ್ರಮಾಣವನ್ನು ಅವಲಂಬಿಸಿದ್ದರೆ ವಿಶ್ರಾಂತಿಯೇ ನಷ್ಟವಾಗಿ ತೋರುವುದು. ಒಲೆಯ ಮುಂದೆ ಇಬ್ಬರು ಸರದಿಯಂತೆ ಕುಳಿತುಕೊಳ್ಳುವುದು, ಹತ್ತಿರದಲ್ಲಿ ನೆರಳು ಮತ್ತು ನೀರು, ಸುಗ್ಗಿಯಲ್ಲಿಯೂ ತಪ್ಪದ ರಾತ್ರಿನಿದ್ರೆ — ಇವು ಔದಾರ್ಯದ ಮಾತಲ್ಲ, ಲೆಕ್ಕದ ಮಾತು.

ಪರೀಕ್ಷೆಗಾಗಿ ರಾತ್ರಿಯೆಲ್ಲ ಓದುವ ವಿದ್ಯಾರ್ಥಿಗಳೂ ಇದನ್ನು ನೆನೆಯಬೇಕು. ವಿಶ್ರಾಂತಿಯು ದುಡಿಮೆ ಮುಗಿದಮೇಲೆ ದೊರೆಯುವ ಬಹುಮಾನವಲ್ಲ. ಅದು ದುಡಿಮೆಯದೇ ಒಂದು ಭಾಗ. ಪೂರ್ತಿ ದಣಿಯುವ ಮೊದಲೇ ಅದನ್ನು ಪಡೆದರೆ ಸ್ವಲ್ಪದರಲ್ಲಿಯೇ ಸಾಕಾಗುತ್ತದೆ.