ಮನೆಗೆ ಹಾಕಿಸಿದ ಸಾಮಾನು ವರ್ಷಗಳ ಮೇಲೆ ಕೆಟ್ಟರೆ



ಬಚ್ಚಲೊಲೆಯ ಹೊಗೆ ತಪ್ಪಲೆಂದು ಹಳ್ಳಿಗಳಲ್ಲಿ ಅನೇಕರು ಈಗ ಮಾಳಿಗೆಯ ಮೇಲೆ ಸೋಲಾರ್ ವಾಟರ್ ಹೀಟರ್ ಹಾಕಿಸಿದ್ದಾರೆ. ರಾಗಿ, ರೇಷ್ಮೆ ಮಾರಿ ಕೂಡಿಟ್ಟ ಹಣ ಅದಕ್ಕೆ ಹೋಗಿರುತ್ತದೆ. ಮೂರು ವರ್ಷ ಸುಖವಾಗಿ ನಡೆದ ಮೇಲೆ ಒಂದು ದಿನ ಟ್ಯಾಂಕಿನ ಬೆಸುಗೆ ಬಿಟ್ಟು ನೀರು ಜಿನುಗುತ್ತದೆ, ಗೋಡೆ ನೆನೆಯುತ್ತದೆ. ಅಂಗಡಿಗೆ ಹೋದರೆ, "ಹಳೆಯದಾಯಿತು, ಹೊಸದು ಕೊಳ್ಳಿ" ಎಂಬ ಉತ್ತರ ಬರುತ್ತದೆ. ಈ ಮಾತು ಕೇಳಿ ಸುಮ್ಮನೆ ಹಿಂದಿರುಗಬೇಕಾಗಿಲ್ಲ.

ಸವೆತ ಬೇರೆ, ದೋಷ ಬೇರೆ

ನಲ್ಲಿಯ ವಾಷರ್ ಸವೆಯುವುದು ಸಹಜ. ಗಡಸು ಬೋರ್‌ವೆಲ್ ನೀರಿನಿಂದ ಕೊಳವೆಯಲ್ಲಿ ಸುಣ್ಣದ ಪರೆ ಕಟ್ಟುತ್ತದೆ. ಅದನ್ನು ಕಾಲಕಾಲಕ್ಕೆ ತೆಗೆಸುವುದು ನಮ್ಮ ಕೆಲಸ. ಆದರೆ ಬೆಸುಗೆ ಸರಿಯಿಲ್ಲದಿದ್ದರೆ ಅದು ತಯಾರಿಸಿದವರ ದೋಷ. ಕೂರಿಸುವಾಗ ಕೊಳವೆಯನ್ನು ಸರಿಯಾಗಿ ಜೋಡಿಸದಿದ್ದರೆ ಅದು ಸೇವೆಯ ಕೊರತೆ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಈ ಎರಡಕ್ಕೂ ಪರಿಹಾರ ಕೇಳಬಹುದು.

ಖಾತರಿ ಚೀಟಿಯ ಬೆಲೆ

5 ವರ್ಷದ ಖಾತರಿ ಬರೆದುಕೊಟ್ಟಿದ್ದರೆ, ಮೂರನೆಯ ವರ್ಷದಲ್ಲಿ "ಹಳೆಯದು" ಎನ್ನುವ ಮಾತು ನಿಲ್ಲುವುದಿಲ್ಲ. ಖಾತರಿ ಮುಗಿದ ಮೇಲೆ ದಾರಿ ಕಡಿದಾಗುತ್ತದೆ. ತಯಾರಿಕೆಯಲ್ಲೇ ದೋಷ ಅಡಗಿತ್ತೆಂದು ನಾವು ರುಜುವಾತು ಮಾಡಬೇಕಾಗುತ್ತದೆ. ಆದುದರಿಂದ ಕೊಳ್ಳುವ ದಿನವೇ ಚೀಟಿಯಲ್ಲಿ ತಾರೀಕು, ಅಂಗಡಿಯ ಮೊಹರು ಹಾಕಿಸಿಕೊಳ್ಳಿ. ರಸೀತಿ ಕೊಡದಿರುವುದೂ ಈ ಕಾಯಿದೆಯಲ್ಲಿ ಅನುಚಿತ ವ್ಯಾಪಾರವೆನಿಸುತ್ತದೆ.

ಎರಡು ವರ್ಷದ ಗಡುವು

ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಖಾತರಿಯ ಅವಧಿಯಲ್ಲಿ, 2025ರ ಜೂನ್‌ನಲ್ಲಿ ಟ್ಯಾಂಕು ಸೋರಿದರೆ 2027ರ ಜೂನ್ ಗಡುವೆಂದು ತಿಳಿಯಿರಿ. ತಡವಾದರೆ ತಕ್ಕ ಕಾರಣ ತೋರಿಸಿ ಮನವೊಪ್ಪಿಸಬೇಕು.

ಇಲ್ಲಿಯೇ ಅನೇಕರು ಸೋಲುವುದು. ಹಿಂದೆ ಮಾರಿ ಬರಬಾರದೆಂದು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರು. ಕೆಲವು ಅಂಗಡಿಗಳವರು ಗಿರಾಕಿಗೂ ಅದೇ ಮಂತ್ರ ಹೇಳುತ್ತಾರೆ. ನೀವು ಎಷ್ಟು ಸಲ ಅಲೆದರೂ, ಎಷ್ಟು ಪತ್ರ ಬರೆದರೂ ಗಡುವು ಮುಂದಕ್ಕೆ ಹೋಗುವುದಿಲ್ಲ.

ಮಾಡಬೇಕಾದ ಕೆಲಸ

1. ಸೋರಿಕೆ ಕಂಡ ದಿನವೇ ತಾರೀಕು ಬರೆದಿಡಿ, ಚಿತ್ರ ತೆಗೆಯಿರಿ.
2. ಬೇರೆಯವರಿಂದ ಬಿಚ್ಚಿಸಬೇಡಿ, ಹಳೆಯ ಭಾಗ ಗುಜರಿಗೆ ಹಾಕಬೇಡಿ. ಪರೀಕ್ಷೆ ಮಾಡದೆ ದೋಷ ತಿಳಿಯದಿದ್ದರೆ ಆಯೋಗವು ವಸ್ತುವನ್ನು ಪ್ರಯೋಗಶಾಲೆಗೆ ಕಳಿಸಬಲ್ಲದು.
3. ಮಾರಿದವರಿಗೂ ತಯಾರಿಸಿದವರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಬರೆದು, ನಕಲು ಇಟ್ಟುಕೊಳ್ಳಿ.
4. ಉತ್ತರ ಬಾರದಿದ್ದರೆ 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.
5. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ.

ಅಂಗಡಿ ಬೇರೆ ಜಿಲ್ಲೆಯಲ್ಲಿದ್ದರೂ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂಬ ಕಟ್ಟಳೆಯೂ ಇಲ್ಲ. ಹೆಂಗಸರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ದೊರೆಯುತ್ತದೆ. ದೋಷ ರುಜುವಾತಾದರೆ ದುರಸ್ತಿ, ಬದಲಿ ವಸ್ತು, ಹಣ ವಾಪಸು ಅಥವಾ ನಷ್ಟಪರಿಹಾರಕ್ಕೆ ಆಯೋಗ ಆಜ್ಞೆ ಮಾಡಬಹುದು.

ಪಹಣಿ, ಪಾಸ್‌ಬುಕ್ಕುಗಳನ್ನು ಜೋಪಾನ ಮಾಡುವ ಪೆಟ್ಟಿಗೆಯಲ್ಲೇ ಸೋಲಾರ್, ಪಂಪು, ಸಿಂಟೆಕ್ಸ್ ತೊಟ್ಟಿಗಳ ರಸೀತಿಯನ್ನೂ ಇಡಿ. ಮಸಿ ಮಾಸುವ ಮೊದಲು ಒಂದೊಂದು ಜೆರಾಕ್ಸ್ ಮಾಡಿಸಿ.