ಗೋಧಿ, ಹಾಲು, ಶೇಂಗಾ ವರ್ಜ್ಯವಾದ ಮಗುವಿನ ಮುಂಜಾನೆಯ ನ್ಯಾರಿ

ಗೌಡರ ಚಾವಡಿಗೆ ಬರುವ ತಕರಾರುಗಳು ಬಹುತರವಾಗಿ ಬದುವಿನವು, ನೀರಿನವು ಇಲ್ಲವೆ ಸಾಲದವು ಆಗಿರುತ್ತವೆ. ಒಂದು ಮಗುವಿನ ನ್ಯಾರಿಯ ವಿಷಯವು ಅಲ್ಲಿಗೆ ಬರುವದು ವಿರಳ. ಆದಾಗ್ಯೂ ವೈದ್ಯರು ಒಂದು ಮಗುವಿಗೆ ಗೋಧಿ, ಹಾಲು, ಶೇಂಗಾ ಈ ಮೂರನ್ನೂ ಒಟ್ಟಿಗೆ ವರ್ಜ್ಯ ಮಾಡಿದರೆ ಆ ಮನೆಯವರ ಕಷ್ಟವು ಅಡುಗೆಮನೆಯಲ್ಲಿಯೇ ನಿಲ್ಲುವದಿಲ್ಲ. ಅದು ಊರಿನ ಗಿರಣಿಗೂ ಗಾಣಕ್ಕೂ ರಾಶಿಯ ಕಣಕ್ಕೂ ಶಾಲೆಗೂ ಮುಟ್ಟುವದು. ಈ ನಾಲ್ಕು ಸ್ಥಳಗಳಲ್ಲಿ ಮಾತು ನಡೆಯುವದು ಊರ ಹಿರಿಯರದೂ ಜಮೀನುದಾರರದೂ ಆದುದರಿಂದ ಅವರು ಈ ವಿಷಯವನ್ನು ತಿಳಿದುಕೊಂಡಿರುವದು ಅಗತ್ಯವಾಗಿದೆ.

ವಿಜಯಪುರ ಶಹರದಲ್ಲಿ ಮುಂಜಾನೆ ದೊರೆಯುವ ತಿಂಡಿಗಳನ್ನು ಎಣಿಸಿ ನೋಡಬೇಕು. ಉಪ್ಪಿಟ್ಟು, ಶಿರಾ, ಪೂರಿ ಇವು ಗೋಧಿಯವು. ಚುರುಮುರಿಯ ಸೂಸಲವು ಅಕ್ಕಿಯದಾದರೂ ಅದರ ಮೇಲೆ ಶೇಂಗಾ ಉದುರಿಸುವದು ವಾಡಿಕೆ. ಚಹಕ್ಕೆ ಹಾಲು ಬೇಕು. ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಲ್ಲಿಯೂ ರೊಟ್ಟಿಯ ಬದಿಗೆ ಶೇಂಗಾ ಹಿಂಡಿ ಇಲ್ಲದ ಗಂಗಾಳವು ಅಪರೂಪ. ಹೀಗಿರಲಾಗಿ, "ಇನ್ನು ಕೂಸಿಗೆ ಏನು ಹಾಕಲಿ?" ಎಂದು ತಾಯಿಯು ಕಂಗೆಡುವದು ಸಹಜವೇ ಆಗಿದೆ. ಆದರೆ ಡೋಣಿ ನದಿಯ ಎರೆಭೂಮಿಯಲ್ಲಿ ಹಿರಿಯರು ಬೆಳೆಯುತ್ತ ಬಂದ ಕಾಳುಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇಂಥ ಮಗುವಿಗೆ ಈ ಸೀಮೆಯಷ್ಟು ಅನುಕೂಲವಾದ ಸೀಮೆಯು ಮತ್ತೊಂದು ಇರಲಾರದು. ಹೊಲದಲ್ಲಿ ಕೊರತೆಯಿಲ್ಲ, ಕೊರತೆಯು ಹೊಲದಿಂದ ಒಲೆಯವರೆಗಿನ ದಾರಿಯಲ್ಲಿರುತ್ತದೆ.

ಗೋಧಿಯಿಂದ ಕೆಲವು ಮಕ್ಕಳಿಗೆ ಆಗುವ ವ್ಯಾಧಿಗೆ ಸೀಲಿಯಾಕ್ ರೋಗವೆಂದು ಹೆಸರು. ಗೋಧಿ, ಜವೆಗೋಧಿ, ರೈ ಎಂಬ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಅಂಟು ಪದಾರ್ಥವು ಇಂಥ ಮಗುವಿನ ಸಣ್ಣ ಕರುಳಿನ ಒಳಪದರವು ಕೆಡುವದಕ್ಕೆ ಕಾರಣವಾಗುವದು. ಆಗ ತಿಂದ ಅನ್ನವು ಮೈಗೆ ಹತ್ತುವದಿಲ್ಲ. ಹೊಟ್ಟೆ ಉಬ್ಬುವದು, ಭೇದಿಯು ತಿಂಗಳುಗಟ್ಟಲೆ ಮರುಕಳಿಸುವದು, ಕೈಕಾಲು ಸೊರಗುವವು, ರಕ್ತಹೀನತೆ ಕಾಣುವದು, ಎತ್ತರವು ಓರಗೆಯವರಿಗಿಂತ ಹಿಂದೆ ಬೀಳುವದು. ಹಾಲಂಡ ದೇಶದ ಮಕ್ಕಳ ವೈದ್ಯರಾದ ವಿಲೆಮ್ ಕಾರೆಲ್ ಡಿಕೆ ಎಂಬವರು ೧೯೩೦ರ ದಶಕದಲ್ಲಿಯೇ ಗೋಧಿಯ ಮೇಲೆ ಸಂಶಯಪಟ್ಟಿದ್ದರು. ೧೯೪೪–೪೫ರ ಯುದ್ಧಕಾಲದ ಕ್ಷಾಮದಲ್ಲಿ ಅಲ್ಲಿ ರೊಟ್ಟಿಯೇ ದುರ್ಲಭವಾದಾಗ ಇಂಥ ಮಕ್ಕಳು ಚೇತರಿಸಿಕೊಂಡುದು ಆ ಸಂಶಯಕ್ಕೆ ಪುಷ್ಟಿ ಕೊಟ್ಟಿತು. ೧೯೫೦ರಲ್ಲಿ ಅವರು ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಈ ರೋಗಕ್ಕೆ ಇಂದಿಗೂ ಗೋಧಿಯನ್ನು ಜನ್ಮವಿಡೀ ಬಿಡುವದೇ ಚಿಕಿತ್ಸೆಯಾಗಿದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಸಂಶಯ ಬಂದ ಕೂಡಲೆ ಮನೆಯವರು ತಾವಾಗಿಯೇ ಗೋಧಿಯನ್ನು ನಿಲ್ಲಿಸಬಾರದು. ಗೋಧಿ ತಿನ್ನುತ್ತಿರುವಾಗಲೇ ರಕ್ತಪರೀಕ್ಷೆಯೂ, ವೈದ್ಯರು ಬೇಕೆಂದರೆ ಕರುಳಿನ ಪರೀಕ್ಷೆಯೂ ಆಗತಕ್ಕದ್ದು. ಮೊದಲೇ ನಿಲ್ಲಿಸಿದರೆ ರೋಗವಿದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಶೇಂಗಾದ ಮಾತು ಬೇರೆ. ಅದು ಒಗ್ಗದ ಮಗುವಿಗೆ ಒಂದೆರಡು ಕಾಳಿನಿಂದಲೂ ಮೈಮೇಲೆ ದದ್ದು ಎದ್ದು, ತುಟಿ ಊದಿ, ಉಸಿರು ಕಟ್ಟುವ ಸಂಭವವುಂಟು. ಉಸಿರಿಗೆ ತೊಂದರೆಯಾದರೆ ಮನೆಯ ಉಪಾಯಗಳಲ್ಲಿ ಕಾಲಹರಣ ಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇನ್ನು ಹಾಲು ಒಗ್ಗದಿರುವದರಲ್ಲಿ ಎರಡು ಬಗೆ. ಕರುಳು ಕೆಟ್ಟಿದ್ದರಿಂದ ಹಾಲಿನ ಸಕ್ಕರೆಯು ಅರಗದಿದ್ದರೆ ಕರುಳು ಗುಣವಾದ ಮೇಲೆ ಹಾಲು ಮರಳಿ ಹಿಡಿಸಬಹುದು. ಹಾಲಿನ ಸಾರಜನಕ ಪದಾರ್ಥವೇ ಒಗ್ಗದಿದ್ದರೆ ಮಜ್ಜಿಗೆಯೂ ಮೊಸರೂ ವರ್ಜ್ಯವೇ. ಯಾವ ಬಗೆಯೆಂಬದನ್ನು ನಿರ್ಣಯಿಸುವದು ವೈದ್ಯರ ಕೆಲಸ.

ಜೋಳದಲ್ಲಿ ಗ್ಲುಟನ್ ಇಲ್ಲ. ಸಜ್ಜೆ, ನವಣೆ, ರಾಗಿ, ಅಕ್ಕಿಗಳಲ್ಲಿಯೂ ಇಲ್ಲ. ಜೋಳದ ಪದಾರ್ಥಗಳು ಸೀಲಿಯಾಕ್ ರೋಗಿಗಳಿಗೆ ನಿರಪಾಯವೆಂದು ೨೦೦೭ರಲ್ಲಿ ಇಟಲಿಯ ಸಂಶೋಧಕರು ಪರೀಕ್ಷಿಸಿ ಪ್ರಕಟಿಸಿದರು. ಪರದೇಶಗಳಲ್ಲಿ ಗೋಧಿಯಿಲ್ಲದ ರೊಟ್ಟಿಯನ್ನು ಕೂಡಿಸುವದಕ್ಕೆ ತರತರದ ಅಂಟುಗಳನ್ನು ಬೆರೆಸುತ್ತಾರೆ. ಈ ಸೀಮೆಯ ಹೆಣ್ಣುಮಕ್ಕಳು ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು, ನಾದಿ, ಕೈಯಿಂದ ಬಡಿದು ಅದೇ ಕೆಲಸವನ್ನು ತಲೆತಲಾಂತರದಿಂದ ಮಾಡುತ್ತ ಬಂದಿದ್ದಾರೆ.

ಆದರೆ ಜೋಳವು ಶುದ್ಧವಿದ್ದರೂ ಹಿಟ್ಟು ಶುದ್ಧವಿರುವದೆಂಬ ಭರವಸೆಯಿಲ್ಲ. ಒಂದು ಕಿಲೋ ಪದಾರ್ಥದಲ್ಲಿ ೨೦ ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟನ್ ಇದ್ದರೆ ಅದನ್ನು ಗ್ಲುಟನ್‌ರಹಿತವೆಂದು ಮಾರಕೂಡದೆಂದು ಭಾರತದ ಆಹಾರ ನಿಯಮವಿದೆ. ಗೋಧಿ ಹಿಟ್ಟಿನ ತೂಕದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಗ್ಲುಟನ್ ಎಂದು ಹಿಡಿದರೆ, ಐದು ಕಿಲೋ ಜೋಳದ ಹಿಟ್ಟಿನಲ್ಲಿ ಒಂದು ಗ್ರಾಂ ಗೋಧಿ ಹಿಟ್ಟು ಬೆರೆತರೂ ಆ ಮೇರೆ ಮುಟ್ಟಿತು. ಗೋಧಿ ಬೀಸಿದ ಗಿರಣಿಯ ಕಲ್ಲುಗಳ ನಡುವೆಯೂ ಬಟ್ಟೆಯ ಚೀಲದಲ್ಲಿಯೂ ಉಳಿಯುವ ಹಿಟ್ಟು ಒಂದು ಹಿಡಿಯಷ್ಟಾದರೂ ಇರುತ್ತದೆ. ಮೇರೆಯು ಎಷ್ಟು ಪಟ್ಟು ಮೀರಿತೆಂಬದನ್ನು ಓದುಗರೇ ಎಣಿಸಬಹುದು. "ಜೋಳದ ರೊಟ್ಟಿಯನ್ನೇ ಹಾಕುತ್ತೇವೆ, ಆದರೂ ಕೂಸು ಮೈ ಹಿಡಿಯಲೊಲ್ಲದು" ಎಂಬ ದೂರಿಗೆ ಅನೇಕ ಸಲ ಇದೇ ಕಾರಣವಿರಬಹುದು.

ಎಲ್ಲಕ್ಕಿಂತ ಉತ್ತಮವಾದ ಉಪಾಯವೆಂದರೆ ಮನೆಯ ಬೀಸುಕಲ್ಲನ್ನು ತೊಳೆದು ಒಣಗಿಸಿ ಆ ಮಗುವಿನ ಕಾಳಿಗೇ ಮೀಸಲಿಡುವದು. ಅದಾಗದಿದ್ದರೆ ಗೋಧಿಯನ್ನು ಬೀಸದ ಒಂದು ಗಿರಣಿಯನ್ನು ಊರಿನಲ್ಲಿ ಗೊತ್ತುಪಡಿಸಬೇಕು. ಅದೂ ಇಲ್ಲದಲ್ಲಿ ವಾರಕ್ಕೊಂದು ದಿನ ಗಿರಣಿಯನ್ನು ಬಿಚ್ಚಿ ಝಾಡಿಸಿ, ಮೊದಲು ದನದ ಕಾಳನ್ನು ನಾಲ್ಕೈದು ಕಿಲೋ ಬೀಸಿ ತೆಗೆದು, ಬಳಿಕ ಮಗುವಿನ ಕಾಳನ್ನು ಹಾಕಿಸಬಹುದು. ಇದರಿಂದ ಅಪಾಯವು ಕಡಿಮೆಯಾಗುವದೇ ಹೊರತು ಪೂರ್ತಿ ಹೋಗದು. ಗಿರಣಿಯವನಿಗೆ ಇದು ತ್ರಾಸದ ಕೆಲಸ. ಒಬ್ಬ ಬಡ ತಾಯಿಯು ಕೇಳಿದರೆ ಆಗದ್ದು ಗೌಡರು ಒಂದು ಮಾತು ಹೇಳಿದರೆ ಆಗುವದು. ಗಾಣದಲ್ಲಿಯೂ ಇದೇ ನ್ಯಾಯ: ಶೇಂಗಾ ಹಾಕಿ ತೆಗೆದ ಗಾಣದಲ್ಲಿ ಕೂಡಲೆ ಕುಸುಬಿ ಹಾಕಿದರೆ ಆ ಎಣ್ಣೆಯು ಇಂಥ ಮಗುವಿಗೆ ಸಲ್ಲದು. ಪೇಟೆಯ ಇಂಗಿನಲ್ಲಿ ಗೋಧಿ ಹಿಟ್ಟನ್ನು ಬೆರೆಸಿರುವದುಂಟು. ಒಗ್ಗರಣೆಗೆ ಬೆಳ್ಳುಳ್ಳಿ, ಜೀರಿಗೆ ಸಾಕು.

ಇನ್ನು ನ್ಯಾರಿಯ ಮಾತು. ಚಳಿಗಾಲದಲ್ಲಿ ಸಜ್ಜೆಯ ರೊಟ್ಟಿಯು ಶ್ರೇಷ್ಠ. ನೂರು ಗ್ರಾಂ ಸಜ್ಜೆಯಲ್ಲಿ ಸುಮಾರು ೬ ಮಿಲಿಗ್ರಾಂ ಕಬ್ಬಿಣವಿದೆ, ಜೋಳದಲ್ಲಿ ಸುಮಾರು ೪. ಬದಿಗೆ ಇಂಡಿಯ ಲಿಂಬೆಯನ್ನು ಹಿಂಡಿದ ಕೋಸಂಬರಿಯಿದ್ದರೆ ಆ ಕಬ್ಬಿಣವು ದೇಹಕ್ಕೆ ಹೆಚ್ಚಾಗಿ ಹತ್ತುವದು. ಸಜ್ಜೆ ಹಿಟ್ಟು ಬೇಗನೆ ಕಹಿಯಾಗುವದರಿಂದ ನಾಲ್ಕು ದಿನಕ್ಕೆ ಸಾಲುವಷ್ಟೇ ಬೀಸಿಕೊಳ್ಳಬೇಕು. ಹಲ್ಲು ಗಟ್ಟಿಯಿಲ್ಲದ ಕೂಸಿಗೆ ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ, ಉಪ್ಪು, ಕುಸುಬಿ ಎಣ್ಣೆ ಹಾಕಿ ಕುಟ್ಟಿ ಮುಟಗಿ ಮಾಡಿಕೊಟ್ಟರೆ ಮರುಮಾತಿಲ್ಲದೆ ತಿನ್ನುವದು. ಜೋಳದ ಸಾರಜನಕದಲ್ಲಿ ಒಂದು ಅಂಶವು ಕಡಿಮೆಯಿರುತ್ತದೆ. ಆ ಕೊರತೆಯನ್ನು ಬೇಳೆಕಾಳುಗಳು ತುಂಬುವವು. ಆದುದರಿಂದ ರೊಟ್ಟಿಯ ಜೊತೆಗೆ ಮೊಳಕೆಯೊಡೆದ ಹೆಸರು ಇಲ್ಲವೆ ಮಡಿಕೆ ಕಾಳಿನ ಪಲ್ಯವಾಗಲಿ, ಕಡಲೆ ಹಿಟ್ಟಿನ ಜುಣಕವಾಗಲಿ ಇರಬೇಕು. ಜೋಳ ಮತ್ತು ಉದ್ದಿನಬೇಳೆಯನ್ನು ರಾತ್ರಿ ನೆನೆಹಾಕಿ ರುಬ್ಬಿ ಹುಳಿ ಬರಿಸಿದರೆ ಮರುದಿನ ಪಡ್ಡು ಆಗುವವು. ಶಾಲೆಯ ಡಬ್ಬಿಗೆ ಇವು ತಕ್ಕವು. ಶೇಂಗಾ ಒಗ್ಗದ ಮಗುವಿಗೆ ಕಡಲೆಯೂ ಒಗ್ಗದಿರುವ ಪ್ರಸಂಗವು ಒಮ್ಮೊಮ್ಮೆ ಇರುವದರಿಂದ ಮೊದಲು ವೈದ್ಯರನ್ನು ಕೇಳುವದು ಒಳಿತು.

ಅವಸರದ ದಿನಕ್ಕೆ ಅಳ್ಳಿಟ್ಟಿಗೆ ಸಮನಾದದ್ದು ಇಲ್ಲ. ನಾಗರ ಪಂಚಮಿಗೆ ಹುರಿಯುವ ಜೋಳದ ಅರಳನ್ನೇ ಬೀಸಿ ಬೆಲ್ಲದ ನೀರಿನಲ್ಲಿ ಕಲಸಿದರೆ ಒಲೆ ಹೊತ್ತಿಸದೆಯೇ ನ್ಯಾರಿಯಾಯಿತು. ಪಂಚಮಿಗೆ ಮಾತ್ರ ಅದನ್ನು ನೆನೆಯುವದೇಕೋ ತಿಳಿಯದು.

ಹಾಲಿನ ಬದಲಿಗೆ ಕುಸುಬಿ ಹಾಲು ಇದೆ. ಒಂದು ಹಿಡಿ ಕುಸುಬಿಯನ್ನು ರಾತ್ರಿ ನೆನೆಯಿಟ್ಟು, ಅರೆದು, ಬಟ್ಟೆಯಲ್ಲಿ ಹಿಂಡಿ ಬಂದ ಬಿಳಿಯ ರಸದಲ್ಲಿ ನವಣಕ್ಕಿಯನ್ನು ಬೇಯಿಸಿ ಬೆಲ್ಲ ಹಾಕಿದರೆ ಹುಗ್ಗಿಯಾಗುವದು. ಇದು ರುಚಿಯಲ್ಲಿ ಹಾಲಿನ ಸ್ಥಾನವನ್ನು ತುಂಬುವದಾದರೂ ಸುಣ್ಣದ ಅಂಶದಲ್ಲಿ ತುಂಬದು. ಇದನ್ನು ಮರೆತು ಹಾಲೇ ಕೊಟ್ಟೆವೆಂದು ನೆಮ್ಮದಿಯಿಂದಿರಬಾರದು. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ೬೫೦ ಮಿಲಿಗ್ರಾಮಿನಷ್ಟು ಸುಣ್ಣ ಬೇಕಾಗುವದು. ೫೦ ಗ್ರಾಂ ರಾಗಿಯ ಗಂಜಿಯಲ್ಲಿ ಸುಮಾರು ೧೮೦, ಸಿಪ್ಪೆಯಿರುವ ೧೦ ಗ್ರಾಂ ಎಳ್ಳಿನಲ್ಲಿ ಸುಮಾರು ೧೩೦ ಮಿಲಿಗ್ರಾಂ ಇರುತ್ತದೆ. ಎಳ್ಳು ಒಗ್ಗುವ ಮಗುವಿಗೆ ಅದರ ಹಿಂಡಿಯನ್ನೂ, ವಾರಕ್ಕೆ ಮೂರು ಸಲ ನುಗ್ಗೆಸೊಪ್ಪನ್ನೂ ಕೊಡಬೇಕು. ಉಳಿದ ಕೊರತೆಗೆ ವೈದ್ಯರು ಗುಳಿಗೆ ಕೊಟ್ಟರೆ ಅದನ್ನು ತಪ್ಪಿಸಬಾರದು. ತಿಕೋಟಾ ಭಾಗದ ಒಣದ್ರಾಕ್ಷಿಯು ನ್ಯಾರಿಗೆ ಒಳ್ಳೆಯ ಸಿಹಿ. ಉಬ್ಬಸವಿರುವ ಮಗುವಿಗೆ ಮಾತ್ರ ಬಣ್ಣಕ್ಕಾಗಿ ಗಂಧಕದ ಹೊಗೆ ಹಾಕಿದ್ದನ್ನು ಕೊಡಬಾರದು.

ಶಾಲೆಯಲ್ಲಿ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆಯು ೨೦೧೩ರಲ್ಲಿ ಆರಂಭವಾಯಿತು. ವಿಜಯಪುರ ಜಿಲ್ಲೆಯ ಶಾಲೆಗಳಲ್ಲಿ ೨೦೨೧ರ ಡಿಸೆಂಬರದಿಂದ ಮೊಟ್ಟೆಯೂ ದೊರೆಯತೊಡಗಿತು. ಮೊಟ್ಟೆ ಒಗ್ಗುವ ಮಗುವಿಗೆ ಇದು ಲಾಭವೇ. ಹಾಲಿನ ಲೋಟವನ್ನು ಒತ್ತಾಯದಿಂದ ಕುಡಿಸದಂತೆ ಮುಖ್ಯ ಗುರುಗಳಿಗೆ ವೈದ್ಯರ ಚೀಟಿಯನ್ನು ತೋರಿಸಿಡಬೇಕು. ಇದಕ್ಕಿಂತ ಕಠಿಣವಾದದ್ದು ಪ್ರೀತಿಯ ಒತ್ತಾಯ. ಎಳ್ಳಮವಾಸ್ಯೆಯ ದಿನ ಚರಗ ಚೆಲ್ಲಿ ಹೊಲದಲ್ಲಿ ಊಟಕ್ಕೆ ಕುಳಿತಾಗ, "ಒಂದು ತುತ್ತಿಗೆ ಏನಾಗುವದು?" ಎಂದು ಅಜ್ಜಿಯು ಶೇಂಗಾ ಹೋಳಿಗೆಯನ್ನು ಮುರಿದು ಬಾಯಿಗಿಡುವಳು. ಆ ತುತ್ತಿನಲ್ಲಿ ವರ್ಜ್ಯವಾದ ಗೋಧಿಯೂ ಶೇಂಗಾವೂ ಕೂಡಿಯೇ ಇರುತ್ತವೆ. ಅದೇ ಬುತ್ತಿಯಲ್ಲಿರುವ ಸಜ್ಜೆಯ ಕಡುಬನ್ನು ಬೇರೆ ಗಂಟಿನಲ್ಲಿ ಕಟ್ಟಿ ತಂದು ಮಗುವಿನ ಗಂಗಾಳಕ್ಕೆ ಮೊದಲೇ ಬಡಿಸಿದರೆ ಅಜ್ಜಿಗೂ ಸಂತೋಷ, ಮಗುವಿಗೂ ಅವಮಾನವಿಲ್ಲ.

ಕಡೆಯದಾಗಿ ಹೊಲದ ವಿಷಯ. ತುಬಚಿ–ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳಿಂದ ಕೃಷ್ಣೆಯ ನೀರು ಈ ಭಾಗಕ್ಕೆ ಬಂದುದು ಭಾಗ್ಯವೇ ಸರಿ. ಆದರೆ ಕಬ್ಬು, ದ್ರಾಕ್ಷಿ ಹಬ್ಬಿದ ಕಡೆಗೆ ಜಮೀನುದಾರರ ಮನೆಗೂ ಜೋಳವು ಪೇಟೆಯಿಂದ ಬರುವದುಂಟು, ಮತ್ತು ಪೇಟೆಯ ಚೀಲವು ಹಿಂದೆ ಯಾವ ಕಾಳನ್ನು ಹೊತ್ತಿತ್ತೆಂದು ಯಾರೂ ಹೇಳಲಾರರು. ದಿನಕ್ಕೆ ೧೫೦ ಗ್ರಾಮಿನಂತೆ ಒಂದು ಮಗುವಿಗೆ ವರ್ಷಕ್ಕೆ ಸುಮಾರು ೫೫ ಕಿಲೋ ಜೋಳ ಸಾಕು. ಎಕರೆಗೆ ನಾಲ್ಕು ಕ್ವಿಂಟಲ್ ಎಂದು ಹಿಡಿದರೂ ಎಂಟು ಗುಂಟೆ ಭೂಮಿಯು ಇದಕ್ಕೆ ಹೆಚ್ಚೇ ಆಯಿತು. ಹಿಂಗಾರಿ ಬಿತ್ತಿಗೆಯಲ್ಲಿ ಗೋಧಿಯ ಹೊಲಕ್ಕೆ ತಗಲದ ಒಂದು ಮೂಲೆಯಲ್ಲಿ ಮಾಲದಂಡಿ ಜೋಳವನ್ನು ಬಿತ್ತಿ, ಬದುವಿನ ಸಾಲಿಗೆ ಕುಸುಬಿಯನ್ನು ಹಾಕಬೇಕು. ಅದರ ಮುಳ್ಳಿಗೆ ದನಗಳೂ ಒಳಗೆ ಬರುವದಿಲ್ಲ. ರಾಶಿಯ ಯಂತ್ರವು ಗೋಧಿಯ ಕಣದಿಂದ ನೇರವಾಗಿ ಬಂದಿದ್ದರೆ ಈ ಎಂಟು ಗುಂಟೆಯ ತೆನೆಗಳನ್ನು ಅದಕ್ಕೆ ಕೊಡದೆ ಕೈಯಿಂದ ಬಡಿದು ತೂರಿಕೊಳ್ಳುವದು ಒಂದು ದಿನದ ಕೆಲಸ. ಕಾಳನ್ನು ಹೊಸ ಚೀಲದಲ್ಲಿ ತುಂಬಿ, ಬಾಯಿ ಹೊಲಿದು, ಮೇಲೆ ಮಗುವಿನ ಹೆಸರನ್ನು ಬರೆದು ಬೇರೆಯಾಗಿ ಇಡತಕ್ಕದ್ದು.