ಯಾರ ಪಕ್ಕ ಯಾರು ಕೂರುತ್ತಾರೆ

ರಾಯಚೂರು ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಮಾಸ್ತರನಾಗಿ ದುಡಿಯುತ್ತ ಕಂಡುಕೊಂಡದ್ದನ್ನು ಹೊಸದಾಗಿ ಈ ಕೆಲಸಕ್ಕೆ ಬರುವವರಿಗಾಗಿ ಬರೆಯುತ್ತಿದ್ದೇನೆ. ಬಡ ಊರಿನಲ್ಲಿ ನೀರಿಗೆ, ಕೂಲಿಗೆ, ಗುಡಿ ಪ್ರವೇಶಕ್ಕೆ ಎದ್ದ ಜಗಳ ಮರುದಿನ ಮಕ್ಕಳ ಜತೆ ತರಗತಿಗೆ ಬರುತ್ತದೆ. ಸೌಹಾರ್ದದ ಭಾಷಣಕ್ಕೆ ಅದು ಕರಗದು. ಯಾರು ಎಲ್ಲಿ ಕೂರುತ್ತಾರೆ, ಯಾರು ಬಡಿಸುತ್ತಾರೆ, ಯಾರು ಕಸ ಗುಡಿಸುತ್ತಾರೆ ಎಂಬುದು ನ್ಯಾಯವಾಗಿ ನಡೆದರೆ ಮಕ್ಕಳು ಜತೆಗೂಡಿ ಬಾಳುವುದನ್ನು ಕಲಿಯುತ್ತಾರೆ.

1. ಬಿಸಿಯೂಟದ ಸಾಲಿನಲ್ಲಿ ನೀವೂ ಕುಳಿತು ಉಣ್ಣಿ.
ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಈಶಾನ್ಯ ಜಿಲ್ಲೆಗಳಲ್ಲೇ. ಹಸಿವಿಗೆಂದು ಬಂದ ಅನ್ನ ಎಲ್ಲ ಕೇರಿಯ ಮಕ್ಕಳನ್ನು ಒಂದೇ ಪಂಕ್ತಿಗೆ ತಂದಿತು. ಎಷ್ಟೋ ಊರುಗಳಲ್ಲಿ ಅಂಥ ಪಂಕ್ತಿ ಬೇರೆಲ್ಲೂ ಇಲ್ಲ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಆದರೂ ದಲಿತ ತಾಯಿ ಒಲೆ ಹಚ್ಚಿದ ದಿನವೇ ಕೆಲವು ಮನೆಗಳಿಂದ ಡಬ್ಬಿ ಬರತೊಡಗುತ್ತದೆ. ಡಬ್ಬಿ ತಂದ ಮಗುವನ್ನು ಗದರಬೇಡಿ, ಅದು ಹಿರಿಯರ ತೀರ್ಮಾನ ಹೊತ್ತು ಬಂದಿದೆ. ಸಂಜೆ ಆ ಮನೆಗೆ ಹೋಗಿ ಕುಳಿತು ಮಾತಾಡಿ. ಮತ್ತೆ ಮತ್ತೆ ಹೋಗಿ. ಅಡುಗೆಯವರನ್ನು ಬದಲಿಸುವ ಮಾತಿಗೆ ಮಾತ್ರ ಎಂದೂ ಒಪ್ಪಬೇಡಿ. ಆಕೆಯ ಮಗುವೂ ಅದೇ ಸಾಲಿನಲ್ಲಿ ಕುಳಿತು ನಿಮ್ಮನ್ನೇ ನೋಡುತ್ತಿರುತ್ತದೆ.

2. ನಲಿ-ಕಲಿಯ ತಟ್ಟೆಗಳನ್ನು ಮೇಲಿನ ತರಗತಿಗೂ ಒಯ್ಯಿರಿ.
1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಮಗು ಕಲಿಕೆಯ ಯಾವ ಮೆಟ್ಟಿಲಲ್ಲಿದೆ ಎಂಬುದೇ ಅದರ ಜಾಗವನ್ನು ಗೊತ್ತುಮಾಡುತ್ತದೆ. ತಟ್ಟೆ ಎಂದರೆ ಇಲ್ಲಿ ಗುಂಪು; ಗೆಳೆಯರ ಸಹಾಯದ ತಟ್ಟೆಯಲ್ಲಿ ಒಂದು ಓಣಿಯ ಹುಡುಗಿ ಇನ್ನೊಂದು ಓಣಿಯ ಹುಡುಗನಿಗೆ ಕೂಡುವ ಲೆಕ್ಕ ಹೇಳಿಕೊಡುತ್ತಾಳೆ. ನಲಿ-ಕಲಿ ಮುಗಿದು ಮೂರನೇ ತರಗತಿ ದಾಟಿದ ಕೂಡಲೇ ಅದೇ ಮಕ್ಕಳು ತಂತಮ್ಮ ಓಣಿಯವರ ಪಕ್ಕಕ್ಕೆ ಸರಿಯುತ್ತಾರೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಗುಂಪುಗಳನ್ನು ವಾರವಾರ ಬದಲಿಸಿ; ಕಲಿಸುವ ಸರದಿ ಪ್ರತಿ ಮಗುವಿಗೂ ಸಿಗಲಿ.

3. ಪೊರಕೆಯ ಪಾಳಿಯನ್ನು ಗೋಡೆಯ ಮೇಲೆ ಬರೆಯಿರಿ.
ಗಂಟೆ ಬಾರಿಸುವುದೂ ಅದೇ ಪಾಳಿಯಲ್ಲಿರಲಿ. ಹುಡುಗರೂ ಗುಡಿಸಲಿ.

4. ಗುಳೆ ಹೋದ ಮಗುವಿನ ಜಾಗ ಕಾಯ್ದಿಡಿ.
ಸುಗ್ಗಿ ಮುಗಿದ ಮೇಲೆ ಅಪ್ಪ ಅಮ್ಮನ ಜತೆ ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡಿಗೆ ಹೋಗಿ ತಿಂಗಳುಗಳ ನಂತರ ಮರಳುವ ಹುಡುಗನಿಗೆ ಪಾಠ ತಪ್ಪಿರುತ್ತದೆ, ಗೆಳೆಯರು ಮುಂದೆ ಹೋಗಿರುತ್ತಾರೆ. ಆ ಅವಮಾನ ಮುಷ್ಟಿಯಾಗಿ ಹೊರಬರುತ್ತದೆ. ಅಂಥವನನ್ನು ಪುಂಡ ಎನ್ನುವುದು ಸುಲಭ, ಕೋಲೆತ್ತುವುದು ಇನ್ನೂ ಸುಲಭ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಕೋಲನ್ನು ನಿಷೇಧಿಸಿದೆ. 4ನೇ ಕಲಂ ವಯಸ್ಸಿಗೆ ತಕ್ಕ ತರಗತಿಯನ್ನೂ ವಿಶೇಷ ತರಬೇತಿಯನ್ನೂ ಕೊಡಿ ಎನ್ನುತ್ತದೆ. ಮೊದಲ ವಾರ ಅವನಿಂದ ಲೆಕ್ಕ ಕೇಳಬೇಡಿ. ಎಷ್ಟು ಮಹಡಿಯ ಕಟ್ಟಡ, ಜತೆಗೆ ಯಾವ ಊರಿನವರಿದ್ದರು, ಅವರ ಮಾತು ಹೇಗಿತ್ತು ಎಂದು ಕೇಳಿ. ತರಗತಿ ಕಿವಿಗೊಟ್ಟು ಕೇಳುತ್ತದೆ, ಅವನ ಮುಷ್ಟಿ ಸಡಿಲವಾಗುತ್ತದೆ.

5. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯನ್ನು ಸಂಜೆ ಕರೆಯಿರಿ.
ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಹಗಲಿನ ಸಭೆಗೆ ಹೊಲ ಇದ್ದವರು ಬರುತ್ತಾರೆ. ಕೂಲಿಯ ತಾಯಿ ಬಂದರೆ ಆ ದಿನದ ಸಂಬಳ ಹೋಗುತ್ತದೆ. ಕೆಲಸ ಮುಗಿಸಿ ಅವರು ಊರಿಗೆ ಮರಳಿದ ಮೇಲೆ ಸಭೆ ಕೂಡಲಿ, ಕುರ್ಚಿಗಳನ್ನು ಬದಿಗಿಟ್ಟು ಎಲ್ಲರಿಗೂ ಒಂದೇ ಜಮಖಾನೆ ಹಾಸಿ, ಮೊದಲ ಮಾತು ಅಡುಗೆಯವರಿಂದ ಬರಲಿ.